ಸಂಗ್ರಹ: ಲಕ್ಷ್ಮೀಶ

ಫ್ಯಾನಿನ ಗಾಳಿಗೆ ಪಟಗಳು ಗೋಡೆಗೆ ಟಕಟಕ ಬಡಿಯುತ್ತಿವೆ, ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದಿಲ್ಲ, ಪ್ರದರ್ಶನದ ಬ್ಯಾನರು ಮಾತ್ರ ಬಾಗಿಲಗಲ, ಯಗಚಿ ದಡ ಅಂದು ಇಂದು — ಅಣೆಕಟ್ಟೆಯ ನೀರು ಎಲ್ಲಿಯವರೆಗೆ ಬಂತು, ಹಳೆಯ ದಡ ಎಲ್ಲಿ ಮುಳುಗಿತು, ಎಲ್ಲ ಇಲ್ಲಿದೆಯಂತೆ, ಲಕ್ಷ್ಮೀಶ ನನ್ನನ್ನು ಕರೆಯಲಿಲ್ಲ, ಪಕ್ಕದ ಮನೆಯ ಲತಾಮಣಿ ಹೇಳಿದಳು, ನಿನ್ ತಮ್ಮ ಮೇಷ್ಟ್ರುದೇ ಓಡಾಟವಂತೆ ಕಣಕ್ಕ, ಹೋಗಿ ನೋಡು, ನೋಡುತ್ತಿದ್ದೇನೆ, ಮೂರನೆಯ ಪಟ, ಮೊಣಕಾಲುದ್ದ ನೀರಲ್ಲಿ ಮರಳಿನ ಪುಟ್ಟಿ ಹೊತ್ತ ಹೆಂಗಸು, ಸೊಂಟದ ಮೇಲೆ ಮಗು, ಮಗುವಿನ ಮುಷ್ಟಿಯಲ್ಲಿ ಅವಳ ಸೆರಗು, ತಲೆಯ ಮೇಲಿನ ಸಿಂಬೆ ಅಪ್ಪನ ಗೀಟಿನ ಟವಲು — ಅವ್ವ. ನನ್ನವ್ವ. ಗುಡಿ ನೋಡಲು ಬಂದವನ್ಯಾರೋ ತೆಗೆದು ಅಂಚೆಯಲ್ಲಿ ಕಳಿಸಿದ್ದ, ಅವ್ವ ನಾಚಿಕೊಂಡು ಟ್ರಂಕಿನಲ್ಲಿಟ್ಟಳು, ಫೋಟೋ ತೆಗೆದ ದಿನ ನನಗೆ ಎಂಟು ವರ್ಷ, ದಡದಲ್ಲೇ ನಿಂತಿದ್ದೆ, ತಮ್ಮನ್ನ ಕೊಡವ್ವ ಎತ್ಕತೀನಿ, ಬಿಡ್ತಾ ಇಲ್ಲ ಕಣೇ ಇವ್ನು, ಮುಷ್ಟೀಲಿ ಹೆಂಗ್ ಹಿಡ್ಕಂಡವ್ನೆ ನೋಡು.

ಅವ್ವ ಸತ್ತ ವರ್ಷ, ಟ್ರಂಕು ಇಟ್ಟುಕೊಂಡಿದ್ದ ಲಕ್ಷ್ಮೀಶನನ್ನು ಕೇಳಿದೆ, ಆ ಫೋಟೋ ಕೊಡೋ, ಎಡೆಗೆ ಇಡಾಣ, ಗೆದ್ಲು ತಿಂದೋಯ್ತು ಅಕ್ಕಾ ಎಂದ, ನಂಬಿದೆ, ಹತ್ತು ವರ್ಷ ಹಿರಿಯರ ಹಬ್ಬಕ್ಕೆ ಅಪ್ಪನ ಫೋಟೋ ಪಕ್ಕ ಮಡಿಸಿದ ಸೀರೆಯೊಂದನ್ನು ಇಟ್ಟು ಕೈಮುಗಿದೆ, ಗೆದ್ದಲಿಗೆ ಶಾಪ ಹಾಕಿದೆ, ಒಂದು ವರ್ಷ ಅವ್ವನ ಮೂಗು ಹೇಗಿತ್ತೆಂದೇ ನೆನಪಾಗದೆ ಒಲೆ ಮುಂದೆ ಕೂತು ಅತ್ತೆ, ಅವನೂ ಪಕ್ಕದಲ್ಲೇ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ, ಕಳ್ಳ — ಮತ್ತೆ ಪಟದ ಕೆಳಗೆ ಈ ಚೀಟಿ, ಅಕ್ಷರ ಅವನದೇ, ಮರಳು ಹೊರುವ ಕೂಲಿ ಹೆಂಗಸು, ಹೆಸರು ತಿಳಿದಿಲ್ಲ, ಸಂಗ್ರಹ: ಲಕ್ಷ್ಮೀಶ, ಶಿಕ್ಷಕರು. ಮುದ್ದಮ್ಮ ಕಣೋ, ಮೂರಕ್ಷರ, ಅದನ್ನು ಬರೆಯಲು ನಿನಗೆ ಕೈ ಬರಲಿಲ್ಲವೇ, ಆ ಮರಳಿನ ಕೂಲಿಯಲ್ಲೇ ನೀನು ಟಿಸಿಎಚ್ ಓದಿ ಮೇಷ್ಟ್ರಾದದ್ದು, ಗೆದ್ದಲು ತಿಂದಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ — ಅಗೋ ಬಂದ, ಇಸ್ತ್ರಿ ಅಂಗಿ, ಪಕ್ಕದಲ್ಲಿ ಪ್ರದರ್ಶನ ಉದ್ಘಾಟಿಸಿದ ಷಡಕ್ಷರಪ್ಪನವರು, ಈ ದಡ ಎಲ್ಲಾ ಈಗ ನೀರೊಳಗಿದೆ ಸಾರ್, ನನ್ನನ್ನು ಕಂಡ, ಈಗ ಬೇಡ ಅಕ್ಕಾ ಎಂದು ಕಣ್ಣಲ್ಲೇ ಬೇಡುತ್ತಿದ್ದಾನೆ, ಇವಳು ನಮ್ಮವ್ವ ಎಂದು ಕೂಗಬೇಕು, ಅಷ್ಟರಲ್ಲಿ ಷಡಕ್ಷರಪ್ಪನವರು ಪಟಕ್ಕೆ ಬೆರಳಿಟ್ಟು ಕೇಳುತ್ತಿದ್ದಾರೆ, ಯಾರಪ್ಪ ಈಯಮ್ಮ, ಗೊತ್ತಿಲ್ಲ ಸಾರ್, ಪಾಪ, ಆ ಮಗು ಯಾರ್ದಪ್ಪ, ಅದೂ ಗೊತ್ತಿಲ್ಲ ಸಾರ್, ಯಾರದೋ — ಯಾರದೋ — ಗಾಜಿನೊಳಗೆ ಆ ಪುಟ್ಟ ಮುಷ್ಟಿ, ಬಿಡ್ತಾ ಇಲ್ಲ ಕಣೇ ಇವ್ನು, ಅವ್ವನ ಸೆರಗು, ಮುಷ್ಟಿ