ಗೆರೆಯಾಚೆ ಒಂದಿಂಚು

ನಾನು ಮಂಜುಳ. ರಾಯದುರ್ಗದ ಒಂದು ಜೀನ್ಸ್ ಯೂನಿಟ್‌ನಲ್ಲಿ ಹನ್ನೆರಡು ವರ್ಷದಿಂದ ಹೊಲಿಯುತ್ತಿದ್ದೇನೆ. ನನಗೆ ಬಾಯಿ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಆ ಬಾಯಿಯೇ ನನ್ನ ತಂಗಿಯ ಕಾಲು ತಿಂದಿತು. ಅದನ್ನು ಮುಚ್ಚಿಡದೆ ಹೇಳಬೇಕೆಂದೇ ಈವತ್ತು ನಮ್ಮ ಹೆಂಗಸರ ಸಂಘದಲ್ಲಿ ನಿಮ್ಮ ಮುಂದೆ ಕೂತಿದ್ದೇನೆ.

ತಂಗಿ ಕೃಷ್ಣವೇಣಿ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಐದು ವರ್ಷ ದುಡಿದು ಊರಿಗೆ ಬಂದಿದ್ದಳು. ನಾನೇ ಅವಳನ್ನು ನಮ್ಮ ಯೂನಿಟ್‌ಗೆ ಸೇರಿಸಿದೆ. ಹೋದ ವರ್ಷ ಶ್ರಾವಣದಲ್ಲಿ ಒಂದು ದಿನ ಕರೆಂಟ್ ಇಲ್ಲವೆಂದು ರಜೆ ಕೊಟ್ಟರು. ಹಿಂದಿನ ದಿನವಷ್ಟೇ ಮಳೆಯಾಗಿ ಗುಡ್ಡವೆಲ್ಲ ಹಸಿರಾಗಿತ್ತು.

"ಅಕ್ಕ, ನವಿಲುಬಂಡೆಗೆ ಹೋಗಾಮ. ಅಲ್ಲಿಂದ ಕಣೇಕಲ್ಲು ಕೆರಿ ಕಾಣ್ತೈತಂತ," ಎಂದಳು.

ನವಿಲುಬಂಡೆ ನಮ್ಮೂರಾಚೆ ಕಾಡುಗುಡ್ಡದ ತುದಿಯಲ್ಲಿದೆ. ಅದರ ಕೆಳಗೆ ಆಳವಾದ ಕಮರಿ. ಬುತ್ತಿ ಕಟ್ಟಿಕೊಂಡು ಹೊರಟೆವು. ಅರ್ಧ ದಾರಿಯಲ್ಲಿ ಕುರಿ ಮೇಯಿಸುತ್ತಿದ್ದ ಯರ್ರಪ್ಪಣ್ಣ ಸಿಕ್ಕಿದರು.

"ಎಲ್ಲಿಗವ್ವಾ?"

"ಬಂಡೆ ಮ್ಯಾಲ ಫೋಟೋ ತಗಳಾಕ ಹೊಂಟೀವ್ರಿ," ಎಂದೆ.

"ಮಳಿ ಬಂದೈತಿ, ಇವತ್ತು ಬ್ಯಾಡ್ರವ್ವ. ಹೋಗೇ ಹೋಗ್ತೀವಿ ಅಂದ್ರ, ಅಲ್ಲಿ ಸುಣ್ಣದ ಗೆರಿ ಎಳದೀನಿ, ಅದನ್ನ ಮಾತ್ರ ದಾಟಬ್ಯಾಡ್ರಿ. ಅದರಾಚಿ ಬಂಡೆ ಪೊಳ್ಳೈತಿ. ಕೋಲಿಲೆ ಬಡದ್ರ ಮಡಕಿ ಬಡದಂಗ ಸದ್ದು ಬರ್ತೈತಿ. ನನ್ನ ಕುರಿನೂ ಆಕಡಿ ಬಿಡಂಗಿಲ್ಲ ನಾನು."

"ಕುರಿ ಬುದ್ಧಿ ಕುರಿಗೆ, ನಮ್ಮ ಬುದ್ಧಿ ನಮಗ ಬಿಡ್ರಿ," ಎಂದು ನಕ್ಕೆ. ಯರ್ರಪ್ಪಣ್ಣ ನಗಲಿಲ್ಲ.

ಮೇಲೆ ತಣ್ಣನೆ ಗಾಳಿ ಬೀಸುತ್ತಿತ್ತು. ಗೆರೆ ಎದ್ದು ಕಾಣುತ್ತಿತ್ತು. ಕೃಷ್ಣವೇಣಿ ಗೆರೆ ದಾಟದೆ, ಸರಿಯಾಗಿ ಅದರ ಈಚೆಗೇ ನಿಂತಳು.

"ಸಾಕಕ್ಕ, ಇಲ್ಲೇ ತಗಿ."

ಒಂದು ಪೊದೆ ಅಡ್ಡ ಬಂದು ಫೋನಿನಲ್ಲಿ ಕೆರೆ ಕಾಣಿಸಲಿಲ್ಲ. ಅವಳು ಹಿಂದೆ ಸರಿದರೆ ನಾನೂ ಪೊದೆ ದಾಟಿ ಮುಂದೆ ಬಂದು ತೆಗೆಯಬಹುದಿತ್ತು. ಹೊಲಿಗೆಯವರಾದ ನಮಗೆ ಗೆರೆ ಎಂದರೆ ಒಂದೇ ಅರ್ಥ. ಬಟ್ಟೆಯ ಮೇಲೆ ಎಳೆದ ಗೆರೆಯಲ್ಲಿ ಸೂಜಿ ಓಡಬೇಕು. ಅದರಾಚೆ ಮಾರ್ಜಿನ್ ಅಂತ ಕಟಿಂಗ್ ಮಾಸ್ಟರ್ ಒಂದಿಂಚು ಬಟ್ಟೆ ಬಿಟ್ಟೇ ಇರುತ್ತಾರೆ. ಹೊಲಿಗೆ ಅತ್ತಿತ್ತ ಸರಿದರೂ ಆ ಒಂದಿಂಚು ಕಾಯುತ್ತದೆ. ನಾನು ಬಂಡೆಯನ್ನೂ ಜೀನ್ಸ್ ಬಟ್ಟೆ ಅಂದುಕೊಂಡೆ.

"ಇನ್ನೊಂದು ಹೆಜ್ಜಿ ಹಿಂದಕ್ಕ ಸರಿಯೇ. ಮಾರ್ಜಿನ್ ಬಿಡದ ಯಾರಾರ ಗೆರಿ ಎಳೀತಾರೇನ?" ಎಂದೆ.

ಅವಳಿಗೂ ನಗು ಬಂತು. ನಗುತ್ತಲೇ ಸರಿದಳು. ಕಾಲಡಿಯ ಬಂಡೆ ಹೆಂಚಿನ ಹಾಗೆ ಒಡೆದು, ಅವಳ ಸಮೇತ ಕೆಳಗೆ ಹೋಯಿತು.

ಎರಡಾಳು ಕೆಳಗೆ ಒಂದು ಕಲ್ಲಿನ ಚಾಚಿನ ಮೇಲೆ ಬಿದ್ದಿದ್ದಳು. ಜೀವ ಇತ್ತು. ನಾನು ಇಳಿಯಲು ಹೋದೆ. ನನ್ನ ಕೂಗು ಕೇಳಿ ಓಡಿ ಬಂದ ಯರ್ರಪ್ಪಣ್ಣ ರೆಟ್ಟೆ ಹಿಡಿದು ಎಳೆದರು.

"ನೀನೂ ಬೀಳ್ತೀಯೇನವ್ವ? ಸಿಗ್ನಲ್ ಸಿಗೋ ಕಡಿ ಓಡು, 108ಕ್ಕ ಫೋನ್ ಮಾಡು. ನಾನು ಕುರಿದಾರಿಲೆ ಸುತ್ತಿ ಹೋಗಿ ಆಕಿ ಹತ್ರ ಕುಂದುರ್ತೀನಿ. ಅವರು ಬರೋ ತನಕ ಆಕೀನ ಎತ್ತಬಾರದು."

ಅವರ ಮಾತನ್ನು ಮೊದಲೇ ಕೇಳಬಾರದಿತ್ತೇ ನಾನು?

ಬಳ್ಳಾರಿಯಲ್ಲಿ ಎರಡು ಸಲ ಆಪರೇಷನ್ ಆಯಿತು. ಬಲಗಾಲು ಮಡಚಲು ಬರುವುದಿಲ್ಲ, ಮಷಿನ್ನಿನ ಪೆಡಲ್ ಒತ್ತಲು ಆಗುವುದಿಲ್ಲ. ನನಗಿಂತ ಚುರುಕಾಗಿ ಹೊಲಿಯುತ್ತಿದ್ದವಳು ಈಗ ಮನೆಯಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತು, ನಾವು ಹೊಲಿದ ಪ್ಯಾಂಟಿನ ದಾರ ಕತ್ತರಿಸುತ್ತಾಳೆ. ಒಂದು ದಿನವೂ ನನ್ನನ್ನು ಬೈದಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಈ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಯೂನಿಟ್‌ನ ನಾಲ್ಕು ಜನ ಹೆಂಗಸರು ಯರ್ರಪ್ಪಣ್ಣನ ಜೊತೆ ಸುಣ್ಣ ಹೊತ್ತು ಗುಡ್ಡ ಹತ್ತಿದೆವು.

"ಗೆರಿ ಹದಿನೈದು ಅಡಿ ಈಕಡಿ ಎಳಿಯೋಣ್ರಿ," ಎಂದೆ.

"ಯಾಕವ್ವ? ಇಲ್ಲಿ ಬಂಡೆ ಗಟ್ಟಿ ಐತಲ್ಲ."

"ನನ್ನಂಥೋರು ಬರ್ತಾರ್ರೀ. ಮಾರ್ಜಿನ್ ಈಕಡೀಗೆ ಇರ್ಲಿ."

ಅವರು ಸುಣ್ಣದ ಗಡಿಗೆಯನ್ನು ನನ್ನ ಕೈಗೇ ಕೊಟ್ಟರು.

ಮನೆಗೆ ಬಂದಾಗ ಕೃಷ್ಣವೇಣಿ ಕತ್ತರಿ ಕೆಳಗಿಟ್ಟು, "ಗೆರಿ ನೆಟ್ಟಗ ಬಂತೇನಕ್ಕ?" ಎಂದು ಕೇಳಿದಳು. "ಬಂತು," ಎಂದೆ. ಆ ಕತ್ತರಿ ಎತ್ತಿಕೊಂಡು ಅವಳ ಪಕ್ಕ ದಾರ ಕತ್ತರಿಸಲು ಕೂತೆ.

ಅಕ್ಕತಂಗಿಯರೇ, ಗುಡ್ಡಕ್ಕೆ ಹೋಗಲೇಬೇಡಿ ಎನ್ನುವುದಿಲ್ಲ. ಅಲ್ಲಿ ಚೆಂದ ಇದೆ, ಹೋಗಿ ನೋಡಿ. ಆದರೆ ಮಳೆ ಬಿದ್ದ ಮರುದಿನ ಬೇಡ. ಎಲ್ಲಿಗೆ ಹೋಗುತ್ತೀರೆಂದು ಮನೆಯಲ್ಲಿ ಹೇಳಿ ಹೋಗಿ. ಆ ಕಾಡಿನಲ್ಲಿ ದಿನಾ ತಿರುಗುವವರು ಇಲ್ಲಿಗೆ ಸಾಕು ಎಂದರೆ ಅಲ್ಲಿಗೇ ನಿಲ್ಲಿ. ಫೋಟೋದಲ್ಲಿ ಕೆರೆ ಬರದಿದ್ದರೆ ಬಿಡಿ, ಕೆರೆ ಎಲ್ಲಿಗೂ ಹೋಗುವುದಿಲ್ಲ. ಫೋನ್ ನಿಮ್ಮ ಕೈಯಲ್ಲಿದ್ದರೆ, ಎದುರಿಗೆ ನಿಂತವರಿಗೆ "ಇನ್ನೊಂದು ಹೆಜ್ಜೆ ಹಿಂದಕ್ಕೆ" ಎಂದು ಮಾತ್ರ ಹೇಳಬೇಡಿ.

ನಾನು ಹೇಳಿದ್ದೆ.