ಹಳೆಯೂರಿನ ಹಗೇವು

ದೊಡ್ಡಮಾದಯ್ಯನಿಗೆ ಹೊರಗಿನವರ ಮೇಲೆ ನಂಬಿಕೆ ಇರಲಿಲ್ಲ. ಯುದ್ಧದ ಕಾಲ. ಹೋದ ವರ್ಷ ಎತ್ತು ಕೊಳ್ಳುವ ನೆಪದಲ್ಲಿ ಬಂದ ಇಬ್ಬರು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, ಊರ ಸುದ್ದಿಯೆಲ್ಲ ಕೇಳಿಕೊಂಡು ಹೋಗಿದ್ದರು. ಅವರ ಹಿಂದೆಯೇ ಸರ್ಕಾರದ ಗಾಡಿಗಳು ಬಂದು ಲೆವಿ ವಸೂಲಿ ಎಂದು ರಾಗಿ ತುಂಬಿಕೊಂಡು ಹೋದವು. ಅಂದಿನಿಂದ ಮಾದಯ್ಯ ಮನೆಯಲ್ಲಿ ರಾಗಿ ಇಡಲಿಲ್ಲ. ಪ್ಲೇಗಿನ ವರ್ಷ ಜನ ಬಿಟ್ಟುಬಂದ ಹಳೆಯೂರಿನಲ್ಲಿ ಅವನ ಅಜ್ಜನ ಕಾಲದ ಹಗೇವೊಂದಿತ್ತು. ನೆಲದೊಳಗೆ ಎರಡಾಳು ಆಳದ ಕಣಜ. ರಾಗಿಯನ್ನು ಅದಕ್ಕೆ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣೆಳೆದು ಮೇಲೆ ಮುಳ್ಳು ಹಾಕಿದ್ದ. ಮುಂದಿನ ಸುಗ್ಗಿಯವರೆಗೆ ಮನೆಮಂದಿಯ ಹೊಟ್ಟೆಗೆ ಇದ್ದದ್ದು ಅಷ್ಟೇ.

ಅಂಥ ಹೊತ್ತಿನಲ್ಲಿ ಈ ಹುಡುಗ ಬಂದ. ಇದ್ದಿಲಿನಿಂದ ಓಡುವ ಬಸ್ಸಿಳಿದು ನಡೆದೇ ಬಂದಿದ್ದ. ಹೆಸರು ಖದೀರ್, ಹುಣಸೂರಿನಲ್ಲಿ ಗಾಡಿ ಚಕ್ರ ಮಾಡುವವರ ಮಗ, ಮೈಸೂರಿನಲ್ಲಿ ಕಾಲೇಜು. ಬಾವಲಿ ಗವಿ ನೋಡಬೇಕು, ಹಳೆಯೂರು ನೋಡಬೇಕು, ಸಂಜೆ ಬಸ್ಸಿಗೆ ಹೊರಡಬೇಕು ಎಂದ. ಖಾಕಿ ಚಡ್ಡಿ, ಕೈಯಲ್ಲಿ ಕಬ್ಬಿಣದ ಮೊನೆಯ ದೊಣ್ಣೆ. ಹಿಕ್ಕೆ ಬಿಟ್ಟರೆ ಆ ಗವಿಯಲ್ಲಿ ಏನಿದೆ ಎಂದು ಮೈಸೂರಿನಿಂದ ಬರುತ್ತಾರೆ? ಬೇರೆ ಯಾರಾದರೂ ದಾರಿ ತೋರಿಸುವುದಕ್ಕಿಂತ ತಾನೇ ತೋರಿಸುವುದು ವಾಸಿ ಎಂದು ಮಾದಯ್ಯ ಮುಂದೆ ನಡೆದ.

ಹುಡುಗ ಗವಿಯೊಳಗೆ ತೆವಳಿಕೊಂಡು ಹೋಗಿ, ತಲೆಯೆಲ್ಲ ಹಿಕ್ಕೆ ಮಾಡಿಕೊಂಡು ನಗುತ್ತ ಬಂದ. ಇಷ್ಟು ಚೆನ್ನಾಗಿ ಆಟ ಕಟ್ಟುವವನು ಸರ್ಕಾರದಲ್ಲಿ ಸಣ್ಣ ಸಂಬಳದವನಲ್ಲ ಎಂದುಕೊಂಡ ಮಾದಯ್ಯ.

ಹಳೆಯೂರಿನಲ್ಲಿ ಖದೀರ್ ಬಿದ್ದ ಗೋಡೆಗಳನ್ನು ನೋಡಿದ, ಒರಳುಗಳಲ್ಲಿ ನಿಂತ ನೀರನ್ನು ನೋಡಿದ. ಇಲ್ಲಿ ಎಷ್ಟು ಮನೆಯಿದ್ದವು, ಏನು ಬೆಳೆಯುತ್ತಿದ್ದರು ಎಂದು ಕೇಳಿದ. ಪ್ರತಿ ಪ್ರಶ್ನೆಗೂ ಮಾದಯ್ಯ ಗೊತ್ತಿಲ್ಲ ಎಂದ. ಹುಡುಗ ದೊಣ್ಣೆಯಿಂದ ನೆಲ ಕುಟ್ಟುತ್ತ ಬಂದು ಮುಳ್ಳಿನ ಪಕ್ಕದಲ್ಲಿ ನಿಂತ.

"ಯಜಮಾನ್ರೇ, ಇಲ್ಲಿ ಟೊಳ್ಳು ಸದ್ದು ಬರ್ತದಲ್ಲ?"

"ಗೋರಿ ಕಣ್ರೀ ಸಾಯಬ್ರೇ. ಪ್ಲೇಗಲ್ಲಿ ಸತ್ತೋರ್ನ ಮುಚ್ಚವ್ರೆ. ತುಳೀಬ್ಯಾಡಿ."

ಖದೀರ್ ತಟ್ಟನೆ ಹಿಂದೆ ಸರಿದ. ತಲೆ ತಗ್ಗಿಸಿ ನಿಂತು ತುಟಿ ಆಡಿಸಿದ. ಹಗೇವಿನ ಅಗಲ ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡ ಮಾದಯ್ಯ. ಹೊರಡುವಾಗ ಹುಡುಗ, ತಮ್ಮ ಮೇಷ್ಟ್ರು ಹುಣಸೂರಿನಲ್ಲೇ ಇದ್ದಾರೆ, ಅವರಿಗೆ ಹಳೆಯ ಗೋರಿಗಳೆಂದರೆ ಆಸಕ್ತಿ, ನಾಳೆ ಬೆಳಿಗ್ಗೆಯೇ ಕರೆತರುತ್ತೇನೆ ಎಂದ.

ಅಂದು ರಾತ್ರಿಯೇ ಮಾದಯ್ಯ ಮಗಳು ಮರಮ್ಮನನ್ನೂ ಅಳಿಯ ಚಿಕ್ಕಮಾದುವನ್ನೂ ಎಬ್ಬಿಸಿಕೊಂಡು ಬಂದ. ಬೆಳಗಾಗುವ ಮೊದಲು ರಾಗಿ, ಹುಡುಗ ನೋಡಿ ಮುಗಿಸಿದ್ದ ಗವಿಗೆ ಸೇರಬೇಕಿತ್ತು. ಚಪ್ಪಡಿ ಸರಿಸಿದಾಗ ಒಳಗಿನಿಂದ ಮುಗ್ಗಲು ವಾಸನೆ ಬಂತು. ಮುಚ್ಚಿಟ್ಟ ಹಗೇವಿನ ಗಾಳಿ ಕೆಟ್ಟದ್ದು. ಬಾಯಿ ತೆಗೆದು ಒಂದು ದಿನ ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುವುದು ಎಲ್ಲರೂ ಬಲ್ಲ ರೂಢಿ.

"ದೀಪನಾರ ಇಳಿಬುಟ್ಟು ನೋಡಮ, ಮಾವ," ಎಂದ ಚಿಕ್ಕಮಾದು.

"ದೀಪ ಅಚ್ಚಿದ್ರೆ ಗುಡ್ಡದ ಮ್ಯಾಲಿಂದ ಕಾಣ್ತದೆ ಕಣ್ಲಾ. ಆ ಸಾಯಬ್ರ ಐದ ಬಸ್ಸತ್ತಿದ್ದುನ್ನ ನೀನು ಕಂಡಿದ್ದೀಯಾ?"

"ನಿಂಗೆ ನಿನ್ ನೆಳ್ಳಿನ ಮ್ಯಾಲೂ ಗುಮಾನಿ ಬುಡು," ಎಂದು ನಕ್ಕು ಚಿಕ್ಕಮಾದು ಇಳಿದ.

ಬುಟ್ಟಿ ಇಳಿಬಿಟ್ಟರು. ಹಗ್ಗ ಅಲುಗಲಿಲ್ಲ. ಕೂಗಿದರು, ಉತ್ತರವಿಲ್ಲ. ಮಾದಯ್ಯ ಬೇಡ ಅನ್ನುವಷ್ಟರಲ್ಲಿ ಮರಮ್ಮ ಇಳಿದಿದ್ದಳು. ಹಿಡಿದುಕೊಂಡ ಸೆರಗು ಅವನ ಕೈಯಿಂದ ಜಾರಿತು. ಅವನು ಊರಿಗೆ ಓಡಿ ಜನ ಕರೆತರುವ ಹೊತ್ತಿಗೆ ಒಳಗೆ ಸದ್ದೇ ಇರಲಿಲ್ಲ.

ಬೆಳಿಗ್ಗೆ ಖದೀರ್ ಬಂದ. ಜೊತೆಯಲ್ಲಿ ಕೊಡೆ ಹಿಡಿದ, ಏದುಸಿರು ಬಿಡುವ ಮುದುಕ ಮೇಷ್ಟ್ರು. ಏನಾಯಿತೆಂದು ಹುಡುಗ ಕೇಳಿದ. ಮಾದಯ್ಯ ಮೇಷ್ಟ್ರ ಕೊಡೆಯನ್ನೂ ಜೇಬುಗಳನ್ನೂ ನೋಡುತ್ತ ಕೂತಿದ್ದ. ಈಗಲೂ ಅವನಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಹಗೇವಿನಲ್ಲಿ ರಾಗಿ ಎಂಟು ಪಲ್ಲ ಇತ್ತು. ಒಂದು ಸೇರೂ ಕಮ್ಮಿಯಾಗಿರಲಿಲ್ಲ. ಹೋದದ್ದು ಎರಡು ಜೀವ.