ಬಟಾಣಿ ಬಂದ ಮೇಲೆ

ಎರಡನೆಯ ಗಿಳಿ ಮನೆಗೆ ಬಂದ ದಿನದಿಂದ ಲಲಿತಾಬಾಯಿಯ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು.

ಬಸವಕಲ್ಯಾಣದ ಆ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ಮನೆಯಲ್ಲಿ ಇದ್ದವರು ನಾಲ್ವರು. ಲಲಿತಾಬಾಯಿ, ಸಿಮೆಂಟಿನ ಅಂಗಡಿ ಇಟ್ಟುಕೊಂಡ ಮಗ ವೈಜನಾಥ, ದಿನಾ ಹುಲಸೂರಿನ ಶಾಲೆಗೆ ಪಾಠ ಹೇಳಲು ಹೋಗಿಬರುವ ಸೊಸೆ ದೀಪಾಲಿ, ಐದನೆಯ ಇಯತ್ತೆಯ ಮೊಮ್ಮಗಳು ಐಶ್ವರ್ಯ. ಇವರ ಜೊತೆಗೆ ಶೇಂಗಾ. ಹಿಡಿಯಷ್ಟು ದೊಡ್ಡದಾದ, ಹಳದಿ ಮೈಯ, ವಿದೇಶಿ ಜಾತಿಯ ಗಿಳಿ. ಎರಡು ವರ್ಷದ ಹಿಂದೆ ಐಶ್ವರ್ಯಳ ಹುಟ್ಟುಹಬ್ಬಕ್ಕೆಂದು ತಂದದ್ದು. ಆದರೆ ಹಕ್ಕಿಗೆ ಯಾರ ಹುಟ್ಟುಹಬ್ಬವಾದರೇನು, ಅದು ಬಂದ ಮೂರನೆಯ ದಿನಕ್ಕೇ ಅಜ್ಜಿಯ ಹೆಗಲೇರಿ ಕುಳಿತಿತು, ಮತ್ತೆ ಇಳಿಯಲಿಲ್ಲ. ಆಕೆ ಜೋಳ ಹಸನು ಮಾಡುವಾಗ ಕಿವಿಯ ಬೆಂಡೋಲೆ ಜಗ್ಗುವುದು, ಮಧ್ಯಾಹ್ನ ಆಕೆ ಅಡ್ಡಾದರೆ ಸೆರಗಿನೊಳಗೆ ತೂರಿ ನಿದ್ದೆ ಮಾಡುವುದು. "ಇದರ ಕಾಟ ಸಾಕಾಗ್ಯಾದ್ರಿ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹೇಳುವಾಗ ಆಕೆಯ ಮುಖ ನೋಡಿದವರು ಯಾರೂ ಅದನ್ನು ನಂಬುತ್ತಿರಲಿಲ್ಲ.

ಜೋಡಿ ಬೇಕೆಂದು ಹಟ ಹಿಡಿದವಳು ಐಶ್ವರ್ಯ. "ಶೇಂಗಾನ ಮಾತಿನ್ಯಾಗ ಮಾತಾಡೋರು ಮನ್ಯಾಗ ಯಾರೂ ಇಲ್ಲ ಪಪ್ಪಾ" ಎಂದಳು. ಮಗಳ ಮಾತಿಗೆ ಕರಗಿ ನೀರಾಗುವ ವೈಜನಾಥ ಒಂದು ರವಿವಾರ ಹುಮನಾಬಾದಿಗೆ ಹೋಗಿ, ಮಾಳಿಗೆಯ ಮೇಲೆ ಇಂಥ ಹಕ್ಕಿಗಳನ್ನು ಸಾಕಿ ಮಾರುವ ಅಕ್ರಮ್ ಎಂಬುವನಿಂದ ಹಸಿರು ಬಣ್ಣದ ಇನ್ನೊಂದನ್ನು ತಂದ. ಅದಕ್ಕೆ ಬಟಾಣಿ ಎಂದು ಹೆಸರಾಯಿತು.

ಅಂದು ಊಟಕ್ಕೆ ಕುಳಿತಾಗ ವೈಜನಾಥ ರೊಟ್ಟಿ ಮುರಿಯುತ್ತ ಹೇಳಿದ: "ಒಂದು ತಿಂಗಳು ಎರಡೂ ಬ್ಯಾರೆ ಬ್ಯಾರೆ ಕೋಣ್ಯಾಗ ಇರಬೇಕಂತ. ಹೊಸಾದರ ಗಾಳಿ ಹಳೇದಕ್ಕ ತಾಗಬಾರದಂತ. ಒಳಗ ಏನರ ರೋಗ ಇದ್ರ ಅಷ್ಟರಾಗ ಗೊತ್ತಾಗ್ತದ ಅಂದಾನ ಅಕ್ರಮ್."

ಅವನು ಹೇಳಿ ಮರೆತ. ಲಲಿತಾಬಾಯಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಹೊರಗಿನಿಂದ ಬಂದ ಜೀವ ಮನೆಯ ಜೀವಕ್ಕೆ ಏನು ತರುತ್ತದೆ ಎಂಬುದನ್ನು ಆಕೆ ಕಂಡು ಉಂಡಿದ್ದಳು. ಮದುವೆಯಾಗಿ ರಾಜೇಶ್ವರಕ್ಕೆ ಬಂದ ವರ್ಷ, ತವರಾದ ನಾರಾಯಣಪುರದಿಂದ ಒಂದು ಆಕಳನ್ನು ಜೊತೆಗೆ ಕಳಿಸಿದ್ದರು. ಹದಿನೈದು ದಿನಕ್ಕೆ ಕೊಟ್ಟಿಗೆಗೆ ಕಾಲುಬಾಯಿ ರೋಗ ಹೊಕ್ಕಿತು, ಗಂಡನ ಮನೆಯ ಎತ್ತೊಂದು ಸತ್ತಿತು. ಹೊಸ ಸೊಸೆಯ ಕಾಲ್ಗುಣ ಎಂದರು. ಎಷ್ಟೋ ವರ್ಷ ಆ ಮಾತು ಅಡುಗೆಮನೆಯಲ್ಲಿ ಆಕೆಯ ಬೆನ್ನು ಬಿಡಲೇ ಇಲ್ಲ. ಉಳಿದ ದನಗಳನ್ನು ಉಳಿಸಲು ಅತ್ತೆ ಆಗ ಮಾಡಿಸಿದ್ದು ಹೊಗೆ. ಎರಡು ಹೊತ್ತೂ ಕೆಂಡದ ಮೇಲೆ ಬೇವಿನ ಎಲೆ, ಅದರ ಮೇಲೆ ಲೋಬಾನದ ಧೂಪ. ದನಗಳು ಉಳಿದವು. ಹೀಗಾಗಿ ರೋಗಕ್ಕೆ ಮದ್ದು ಯಾವುದು ಎಂದು ಲಲಿತಾಬಾಯಿ ಯಾರನ್ನೂ ಕೇಳಬೇಕಾಗಿರಲಿಲ್ಲ.

ಮರುದಿನವೇ ಕೆಲಸ ಶುರುವಾಯಿತು. ಬಟಾಣಿ ಐಶ್ವರ್ಯಳ ಕೋಣೆಯಲ್ಲಿ, ಶೇಂಗಾ ಲಲಿತಾಬಾಯಿಯ ಕೋಣೆಯಲ್ಲಿ. ಎರಡೂ ಕೋಣೆಯ ಕಿಟಕಿಗಳು ಹೊರಗಡೆ ಅಕ್ಕಪಕ್ಕ. ಬಾಗಿಲು ಮುಚ್ಚಿದರೂ ಆ ಗಾಳಿ ಸುತ್ತಿ ಬಂದರೆ? ಆಕೆ ಕಿಟಕಿಯ ಕೊಂಡಿ ಬಿಗಿದಳು. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆ ತುರುಕಿದಳು. ಎಲ್ಲರೂ ಹೋದ ಮೇಲೊಮ್ಮೆ, ಸಂಜೆ ಎಲ್ಲರೂ ಬರುವ ಮೊದಲೊಮ್ಮೆ, ಕರಟವನ್ನು ಗ್ಯಾಸಿನ ಮೇಲೆ ಸುಟ್ಟು ಕೆಂಡ ಮಾಡಿ, ಮಣ್ಣಿನ ಬಟ್ಟಲಲ್ಲಿ ಹಾಕಿಕೊಂಡು ಪಂಜರದ ಸುತ್ತ ಮೂರು ಸಲ ತಿರುಗಿಸಿ, ಬಟ್ಟಲನ್ನು ಅಲ್ಲಿಯೇ ಇಟ್ಟು ಬಾಗಿಲೆಳೆದುಕೊಳ್ಳುತ್ತಿದ್ದಳು. ಗುರುವಾರ ಗುರುವಾರ ಮನೆಗೆಲ್ಲ ಲೋಬಾನ ಹಾಕುವುದು ಆಕೆಯ ರೂಢಿ. "ಅತ್ತಿ, ಈ ವಾರ ವಾಸನಿ ಭಾಳ ಅದಲ್ರಿ" ಎಂದು ದೀಪಾಲಿ ಒಮ್ಮೆ ಅಂದದ್ದುಂಟು. "ದೇವರದು ಇರ್ಲಿ ಬಿಡು" ಎಂದರೆ ಸೊಸೆ ಮುಂದೆ ಮಾತು ಬೆಳೆಸುವವಳಲ್ಲ. ರಾಜೇಶ್ವರದ ಕೊಟ್ಟಿಗೆಗೆ ಮೂರು ಕಡೆ ಗೋಡೆಯೇ ಇರಲಿಲ್ಲ ಎಂಬುದು ಮಾತ್ರ ಆಕೆಗೆ ಹೊಳೆಯಲಿಲ್ಲ.

ಒಂಬತ್ತನೆಯ ದಿನ ಶೇಂಗಾ ಹೆಗಲಿಗೆ ಬರಲಿಲ್ಲ. ಗರಿಗಳನ್ನೆಲ್ಲ ಉಬ್ಬಿಸಿಕೊಂಡು ಕೋಲಿನ ಮೇಲೆ ಮುದುಡಿ ಕುಳಿತಿತ್ತು. ಉಸಿರಾಡಿದಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಕರೆದರೆ ಕೊಕ್ಕು ತೆರೆಯಿತು, ದನಿ ಬರಲಿಲ್ಲ.

ಲಲಿತಾಬಾಯಿ ಪಂಜರಕ್ಕೆ ಮುಖ ಹಚ್ಚಿ ನೋಡಿದಳು. ಬಂತು, ಹೆದರಿದ್ದೇ ಬಂತು. ಗೋಡೆಯಾಚೆ ಬಟಾಣಿ ಗಂಟಲು ಹರಿಯುವಂತೆ ಕೂಗುತ್ತಿತ್ತು. ತಿಂದುಂಡು ಗಟ್ಟಿಮುಟ್ಟಾಗಿದ್ದ ಅದರ ಮೇಲೆ ಆಕೆಗೆ ಎಂಥ ಸಿಟ್ಟು ಬಂತೆಂದರೆ, ಆ ಹೊತ್ತು ಕೋಣೆಯೊಳಗೆ ಹೋಗಲು ತನ್ನ ಕೈಗೆ ತಾನೇ ಹೆದರಿದಳು. ಸಂಜೆ ಮಗನಿಗೆ ಹೇಳಿದಳು. "ಹವಾ ಬದಲಾಗ್ಯಾದವ್ವ. ಶನಿವಾರ ಡಾಕ್ಟರಿಗಿ ತೋರಿಸೋಣು" ಎಂದ. ಶನಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಆಕೆ ಹೊಗೆಯನ್ನು ಎರಡು ಪಾಲು ಮಾಡಿದಳು. ತನಗೇ ಕೆಮ್ಮು ಹತ್ತಿತು, ಕಣ್ಣು ಉರಿದವು. ಹತ್ತಲಿ, ಉರಿಯಲಿ, ಮದ್ದು ಕಟುವಾಗಿದ್ದಷ್ಟೂ ರೋಗ ಬೇಗ ಓಡುತ್ತದೆ ಎಂದುಕೊಂಡಳು.

ಮರುದಿನ ಶೇಂಗಾ ಕೋಲು ಬಿಟ್ಟು ಪಂಜರದ ತಳಕ್ಕೆ ಬಂದು ಕುಳಿತಿತ್ತು. ಎಲ್ಲರೂ ಹೊರಟುಹೋಗಲಿ ಎಂದು ಕಾದು, ಹತ್ತು ಗಂಟೆಗೆ ಲಲಿತಾಬಾಯಿ ಬಟಾಣಿಯ ಸಣ್ಣ ಪಂಜರವನ್ನು ತನ್ನ ಶಾಲಿನಲ್ಲಿ ಸುತ್ತಿದಳು. ತಂದಲ್ಲಿಗೇ ಒಯ್ದು ಬಿಟ್ಟು ಬರುವುದು, ಮನೆಯವರಿಗೆ ಆಮೇಲೆ ಹೇಳುವುದು. ತಾನಿಲ್ಲದ ಹೊತ್ತಿಗೆ ಸಾಕಾಗಲಿ ಎಂದು ಬಟ್ಟಲು ತುಂಬ ಕೆಂಡ ಮಾಡಿ, ಎರಡು ಹಿಡಿ ಬೇವು, ಒಂದು ಮುಷ್ಟಿ ಲೋಬಾನ ಹಾಕಿ ಶೇಂಗಾನ ಪಂಜರದ ಬದಿಗೆ ಇಟ್ಟಳು. "ಬರ್ತೀನಪ್ಪ ಲಗೂನ" ಎಂದು ಬಾಗಿಲು ಮುಚ್ಚಿ, ಸಂದಿಗೆ ಸೀರೆ ತುರುಕಿ ಹುಮನಾಬಾದಿನ ಬಸ್ಸು ಹತ್ತಿದಳು.

ಅಕ್ರಮ್ ನಡುವಯಸ್ಸಿನ ನಿಧಾನದ ಮನುಷ್ಯ. ಆಕೆ ಮಾಳಿಗೆ ಹತ್ತಿ ಬಂದು ಏದುಸಿರು ಬಿಡುತ್ತ ನಿಂತಾಗ ಕುರ್ಚಿ ಕೊಟ್ಟು, ನೀರು ಕೊಟ್ಟು, ಆಮೇಲೆ ಬಟಾಣಿಯನ್ನು ಹೊರಗೆ ತೆಗೆದ. ಕಣ್ಣು ನೋಡಿದ, ರೆಕ್ಕೆ ಬಿಡಿಸಿದ, ಎದೆಗೆ ಕಿವಿ ಹಚ್ಚಿದ.

"ಇದಕ್ಕ ಏನೂ ಆಗಿಲ್ಲಮ್ಮಾ. ಛೊಲೋ ಅದ."

"ಇದಕ್ಕ ಆಗಿಲ್ಲ ಭಾಯಿ, ನಮ್ಮದಕ್ಕ ಆಗ್ಯಾದ. ಇದೇ ತಂದದ. ನೀವು ವಾಪಸ್ ಇಟ್ಕೋರಿ."

ಅಕ್ರಮ್ ಶಾಲನ್ನು ಮೂಗಿನ ಹತ್ತಿರ ಹಿಡಿದ. "ಲೋಬಾನ ಹಾಕ್ತೀರೇನ್ರಿ?"

"ದಿನಾ ಎರಡು ಹೊತ್ತು" ಎಂದಳು ಲಲಿತಾಬಾಯಿ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. "ಹಕ್ಕಿ ಇರೋ ಕೋಣ್ಯಾಗೇ ಹಾಕ್ತೀನಿ. ಈ ಬಟಾಣಿ ಗಾಳಿ ಬರಬಾರ್ದಂತ ಕಿಡಕಿ ಸೈತ ತೆಗೆದಿಲ್ಲ."

ಅವನು ಬಟಾಣಿಯನ್ನು ಪಂಜರದೊಳಗೆ ಬಿಟ್ಟು ಬಾಗಿಲು ಹಾಕಿದ.

"ನಾವೂ ಹಾಕ್ತೀವಮ್ಮಾ, ಕೆಳಗ ಮನ್ಯಾಗ. ಇಲ್ಲಿ ಮ್ಯಾಲ ಎಂದೂ ತರಂಗಿಲ್ಲ. ಹಕ್ಕಿ ಎದಿ ಭಾಳ ನಾಜೂಕ. ನಮಗ ಕೆಮ್ಮು ಬರೋವಷ್ಟು ಹೊಗಿ ಅದರ ಜೀವಾ ತಗೋತದ. ನಿಮ್ಮದಕ್ಕ ರೋಗ ಇಲ್ಲ. ಉಸಿರು ಕಟ್ಟ್ಯಾದ." ಆಮೇಲೆ ಕೇಳಿದ, "ಈಗ ಅದು ಎಲ್ಲಿ ಅದ?"

ಲಲಿತಾಬಾಯಿ ಎದ್ದು ನಿಂತಿದ್ದಳು. ಪಂಜರ ಯಾವಾಗ ಎತ್ತಿಕೊಂಡಳೋ ತಿಳಿಯದು. ಮೆಟ್ಟಿಲಿಳಿಯುವಾಗ ಮೇಲಿನಿಂದ ಅಕ್ರಮ್ ಕೂಗಿದ್ದು ಕೇಳಿತು: "ಮೊದಲ ಮನಿಗಿ ಫೋನ್ ಮಾಡ್ರಿ ಅಮ್ಮಾ."

ಮಾಡುತ್ತೇನೆ ಎಂದಳು. ಬಸ್ಸಿನಲ್ಲಿ ಕುಳಿತ ಮೇಲೆ ಫೋನ್ ಕೈಗೆ ತೆಗೆದುಕೊಂಡಳು ಕೂಡ. ವೈಜನಾಥನ ಅಂಗಡಿ ಮನೆಯಿಂದ ಐದು ನಿಮಿಷ. ಅವನ ಹತ್ತಿರ ಇನ್ನೊಂದು ಕೀಲಿ ಇದೆ. ಒಂದು ಮಾತು ಹೇಳಿದರೆ ಮುಗಿಯಿತು. ಆ ಒಂದು ಮಾತೇ ಬಾಯಿಗೆ ಬರಲಿಲ್ಲ. ಹೇಳಬೇಕಾದದ್ದು ಏನು? ಶೇಂಗಾನನ್ನು ಹತ್ತು ದಿನದಿಂದ ನಾನೇ ಕೊಲ್ಲುತ್ತಿದ್ದೇನೆ ಎಂದೇ? ಇವತ್ತು ಬಾಗಿಲು ಹಾಕಿ, ಸಂದಿ ಮುಚ್ಚಿ, ಪೂರ್ತಿ ಮುಗಿಸಿ ಬಂದಿದ್ದೇನೆ ಎಂದೇ? ಆ ಮಾತು ಒಮ್ಮೆ ಮನೆಯೊಳಗೆ ಬಿದ್ದರೆ ತಾನು ಸಾಯುವ ತನಕ ಅಲ್ಲಿಯೇ ಇರುತ್ತದೆ. ಮಾತು ಎಷ್ಟು ಕಾಲ ಬಾಳುತ್ತದೆಂದು ಆಕೆಗೆ ಗೊತ್ತಿತ್ತು.

ಕೆಂಡ ಇಷ್ಟೊತ್ತಿಗೆ ಆರಿರಬಹುದು. ನಂಬರು ಒತ್ತಿದಳು, ರಿಂಗಾಗುವ ಮೊದಲೇ ಕಟ್ ಮಾಡಿದಳು. ತಾನೇ ಹೋಗಿ ಕಿಟಕಿ ತೆರೆದರಾಯಿತು, ಯಾರಿಗೂ ತಿಳಿಯುವುದಿಲ್ಲ. ಮತ್ತೆ ಒತ್ತಿದಳು, ಮತ್ತೆ ಕಟ್ ಮಾಡಿದಳು. ಬಸ್ಸು ಹೆದ್ದಾರಿಯಲ್ಲಿ ತನ್ನ ಪಾಡಿಗೆ ತಾನು ಓಡುತ್ತಿತ್ತು, ಕಂಡಕ್ಟರ್ ಯಾರೊಂದಿಗೋ ನಗುತ್ತಿದ್ದ. ಜಗತ್ತಿಗೆ ಒಂದು ಗಿಳಿಯ ಚಿಂತೆ ಎಲ್ಲಿಯದು?

ರಾಜೇಶ್ವರದಲ್ಲಿ ಬಸ್ಸು ನಿಂತಿತು. ಅಷ್ಟು ಹೊತ್ತು ಶಾಲಿನೊಳಗೆ ಕೂಗುತ್ತಿದ್ದ ಬಟಾಣಿ ಒಮ್ಮೆಲೇ ಸುಮ್ಮನಾಯಿತು. ಶಾಲು ಸರಿಸಿ ನೋಡಿದಳು. ಅದು ಕೋಲಿನ ಮೇಲೆ ಕುಳಿತು ಆಕೆಯನ್ನೇ ನೋಡುತ್ತಿತ್ತು. ಗರಿ ನುಣುಪಾಗಿತ್ತು. ಬಾಲ ಅಲುಗುತ್ತಿರಲಿಲ್ಲ. ಉಸಿರಾಡುತ್ತಿದೆಯೋ ಇಲ್ಲವೋ ತಿಳಿಯದಷ್ಟು ಸಲೀಸಾಗಿ ಉಸಿರಾಡುತ್ತಿತ್ತು. ಹತ್ತು ದಿನ ಪಕ್ಕದ ಕೋಣೆಯಲ್ಲಿದ್ದ ಈ ಹಕ್ಕಿಯನ್ನು ಆಕೆ ಇವತ್ತಿನ ತನಕ ಸರಿಯಾಗಿ ನೋಡಿಯೇ ಇರಲಿಲ್ಲ. ಬೆಳಿಗ್ಗೆ ಪಂಜರದ ತಳದಲ್ಲಿ ಬಾಲ ಬಡಿಯುತ್ತ ಕುಳಿತಿದ್ದ ಶೇಂಗಾ ಕಣ್ಣಿಗೆ ಕಟ್ಟಿತು. ಈ ಸಲ ನಂಬರು ಒತ್ತಿ ಕಿವಿಗೆ ಹಿಡಿದಳು.

"ವೈಜು, ಮನಿಗಿ ಓಡು. ನನ್ನ ಕೋಣಿ ಕಿಡಕಿ ತೆಗಿ. ಹೊಗಿ ಹಾಕಿ ಬಂದೀನಿ. ಶೇಂಗಾ ಒಳಗದ."

"ಯಾವಾಗ ಹಾಕಿದ್ದಿ?"

"ಹತ್ತಕ್ಕ."

"ಅವ್ವಾ, ಈಗ ಹನ್ನೆರಡೂವರಿ" ಎಂದ ವೈಜನಾಥ. ಫೋನ್ ಕಟ್ಟಾಯಿತು.

ಮುಂದಿನ ಹಾದಿಯಲ್ಲಿ ಅವನು ಫೋನ್ ಮಾಡಲಿಲ್ಲ, ಆಕೆಯೂ ಮಾಡಲಿಲ್ಲ. ಸುದ್ದಿ ಬರದಿರುವ ತನಕ ಶೇಂಗಾ ಬದುಕಿದೆ ಎಂದು ಹಲ್ಲು ಕಚ್ಚಿ ಕುಳಿತಳು. ಬಸವಕಲ್ಯಾಣದಲ್ಲಿ ಇಳಿದು ಆಟೋ ಹಿಡಿದು ಬಂದರೆ ಲಿಫ್ಟು ಮೇಲೆಲ್ಲೋ ನಿಂತಿತ್ತು. ಪಂಜರ ಹಿಡಿದುಕೊಂಡೇ ಮೂರು ಮಹಡಿ ಹತ್ತಿದಳು. ಮನೆಯ ಬಾಗಿಲು ಹಾರುಹೊಡೆದಿತ್ತು. ಬಾಲ್ಕನಿಯಲ್ಲಿ ವೈಜನಾಥ ಮೊಣಕಾಲೂರಿ ಕುಳಿತಿದ್ದ. ಕೈಯಲ್ಲಿ ಟವೆಲ್, ಟವೆಲಿನಲ್ಲಿ ಹಳದಿ ತಲೆ. ಕೊಕ್ಕು ತೆರೆದಿತ್ತು. ಆಕೆಗೆ ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

"ಇನ್ನಾ ಜೀವ ಅದ" ಎಂದ ಮಗ, ತಲೆ ಎತ್ತದೆ.

ವೈಜನಾಥ ಕೂಡಲೇ ಒಯ್ದು ತೋರಿಸಿದ. ದನದ ಡಾಕ್ಟರು ಆಕ್ಸಿಜನ್ ಹಿಡಿಸಿ, ಔಷಧದ ಹನಿ ಬರೆದುಕೊಟ್ಟರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ತಾವು ನೋಡುವಂಥದ್ದೇನೂ ಇರುತ್ತಿರಲಿಲ್ಲ ಎಂದರಂತೆ. ಸಂಜೆ ಅದನ್ನೂ, ಹೊಗೆಯ ಮತ್ತು ಹುಮನಾಬಾದಿನ ಕಥೆಯನ್ನೂ ಕೇಳಿ ಐಶ್ವರ್ಯ ಓಡಿಬಂದು ಅಜ್ಜಿಯ ಕೊರಳಿಗೆ ಜೋತುಬಿದ್ದಳು. "ಆಯಿ, ನೀ ಫೋನ್ ಮಾಡಿದ್ದಕ್ಕ ಶೇಂಗಾ ಉಳೀತು."

ದೀಪಾಲಿಯೂ "ಹೌದ್ರಿ ಅತ್ತಿ, ಗೊತ್ತಾದ ಕೂಡಲೇ ಮಾಡಿದ್ರಿ, ಪುಣ್ಯಾ" ಎಂದಳು.

ಸುಮ್ಮನಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಲಲಿತಾಬಾಯಿ ಮೊಮ್ಮಗಳ ಕೈಗಳನ್ನು ಕೊರಳಿನಿಂದ ಬಿಡಿಸಿದಳು. "ಗೊತ್ತಾದ ಕೂಡಲೇ ಮಾಡಿಲ್ಲ. ಹುಮನಾಬಾದದಾಗೇ ಗೊತ್ತಾಗಿತ್ತು. ರಾಜೇಶ್ವರ ಬರೋ ತನಕಾ ಫೋನ್ ಕೈಯಾಗ ಹಿಡ್ಕೊಂಡು ಕುಂತಿದ್ದೆ. ನೀವೇನಂತೀರಿ ಅನ್ನೋ ಅಂಜಿಕಿಗಿ."

ಆಕೆ ಕಾಯುತ್ತಿದ್ದ ಬೈಗುಳ ಅಂದೂ ಬರಲಿಲ್ಲ, ಮರುದಿನವೂ ಬರಲಿಲ್ಲ.

ಶೇಂಗಾ ದಿನದಿಂದ ದಿನಕ್ಕೆ ಚೇತರಿಸಿಕೊಂಡಿತು. ಗರಿ ಇಳಿಯಿತು, ದನಿ ಮರಳಿತು. ತಿಂಗಳು ತುಂಬಿದ ಮೇಲೆ ಎರಡನ್ನೂ ಪಡಸಾಲೆಯ ದೊಡ್ಡ ಪಂಜರದಲ್ಲಿ ಕೂಡಿಸಿದರು. ಬಟಾಣಿ ಕೊಕ್ಕಿನಿಂದ ಅದರ ಕೊರಳು ಕೆರೆಯುವುದನ್ನು ನೋಡಿ ಐಶ್ವರ್ಯ ಚಪ್ಪಾಳೆ ತಟ್ಟಿದಳು.

ಅಂದು ಲಲಿತಾಬಾಯಿ ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯಿಂದ ತೆಗೆದ, ಹೊಗೆಯ ವಾಸನೆ ತಾಗದ ಮಡಿ ಸೀರೆ ಉಟ್ಟು, ಅಂಗೈಯಲ್ಲಿ ಕುಸುಬಿ ಕಾಳು ಹಿಡಿದು ಪಂಜರದ ಬಾಗಿಲಿಗೆ ಕೈಯಿಟ್ಟಳು. ಶೇಂಗಾ ಕೋಲಿನ ತುದಿಗೆ ಸರಿಯಿತು. ಕೈ ಇನ್ನಷ್ಟು ಒಳಗೆ ಬಂದಾಗ ಸರಳಿಗೆ ಮೈ ಒತ್ತಿಕೊಂಡು, ಬಟಾಣಿಯ ಹಿಂದೆ ತಲೆ ಮರೆಸಿ, ನಡುಗತೊಡಗಿತು. ಮೊಮ್ಮಗಳ ಕೈಗೆ ಬಂತು. ಮಗನ ಕೈಗೆ ಬಂತು. ಆಕೆಯ ಕೈಯನ್ನು ಮಾತ್ರ ಅದು ಗುರುತಿಟ್ಟುಕೊಂಡಿತ್ತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ.

ಈಗ ಎಲ್ಲರೂ ಹೊರಗೆ ಹೋದ ಮೇಲೆ ಆಕೆ ಕಾಳನ್ನು ಬಟ್ಟಲಿಗೆ ಸುರಿದು, ಹಿಂದೆ ಸರಿದು, ಅಡುಗೆಮನೆಯ ಹೊಸ್ತಿಲಾಚೆ ಹೋಗಿ ಕೂರುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ಕಾಳು ಒಡೆಯುವ ಸದ್ದು ಕೇಳುತ್ತದೆ. ಆಕೆಯ ಎದೆಯಲ್ಲಿ ಕೆಮ್ಮು ಇನ್ನೂ ಪೂರ್ತಿ ಹೋಗಿಲ್ಲ. ಕೆಮ್ಮಿದರೆ ಶೇಂಗಾ ತಿನ್ನುವುದನ್ನು ನಿಲ್ಲಿಸುತ್ತದೆ. ಅದಕ್ಕೆ ಅದು ತಿಂದು ಮುಗಿಸುವ ತನಕ ಲಲಿತಾಬಾಯಿ ಬಾಯಿಗೆ ಕೈ ಒತ್ತಿಕೊಂಡು, ಅಲುಗದೆ ಕುಳಿತಿರುತ್ತಾಳೆ.